ಕಲ್ಲು ಕಾಕಾ

ರಾಯಚೂರು ಜಿಲ್ಲೆಯ ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ನಿಮಗೆ ಒಬ್ಬ ಕಲ್ಲು ಕಾಕಾ ಎದುರಾಗುತ್ತಾರೆ. ಗುರುತು ಹಿಡಿಯುವುದು ಕಷ್ಟವೇನಲ್ಲ. ಅಂಗಿಯ ಜೇಬು ಭಾರಕ್ಕೆ ಜೋತು ಬಿದ್ದಿರುತ್ತದೆ. ಹೆಗಲ ಚೀಲದಲ್ಲಿ ಒಂದು ಸುತ್ತಿಗೆ, ಹಳೇ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಅಂಚೆ ಚೀಟಿ ನೋಡುವ ಭೂತಗನ್ನಡಿ ಇರುತ್ತವೆ. ನಡೆಯುವಾಗ ದೃಷ್ಟಿ ನೆಲ ಬಿಟ್ಟು ಏಳುವುದಿಲ್ಲ. ಹೊಸಬರು ಪಾಪ, ಸಂಕೋಚದ ಮನುಷ್ಯ ಎಂದುಕೊಳ್ಳುತ್ತಾರೆ. ಊರವರಿಗೆ ಗೊತ್ತು, ಕಾಕಾ ಬಂಗಾರ ಹುಡುಕುತ್ತಿದ್ದಾರೆ.

ಮದುವೆಗೆ ಬಂದರೆ ಮದುಮಗಳ ಕೊರಳಿನಲ್ಲಿ ಎಷ್ಟು ತೊಲಿ ಇದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದರೆ, ಕಾಕಾ ಹಂದರದ ಕೆಳಗೆ ಹಾಸಿದ ಗರಸಿನಲ್ಲಿ ಕಾಲು ಆಡಿಸುತ್ತಾ ಕೂತಿರುತ್ತಾರೆ. ಮಣ್ಣಿಗೆ ಹೋದರೆ ಕುಣಿಯಿಂದ ತೆಗೆದ ಮಣ್ಣನ್ನು ಹಿಡಿಯಲ್ಲಿ ತುಂಬಿಕೊಂಡು ಬೆರಳಿನಿಂದ ತಿಕ್ಕುತ್ತಾ ನಿಲ್ಲುತ್ತಾರೆ. ತೀರಿಕೊಂಡವರ ಮನೆಯವರು ಅದನ್ನು ದುಃಖವೆಂದೇ ತಿಳಿದು ಅವರಿಗೂ ಸಮಾಧಾನ ಹೇಳುತ್ತಾರೆ.

ಕಾಕಾನ ಹುಚ್ಚಿಗೆ ಬುಡವಿಲ್ಲ ಎನ್ನುವಂತಿಲ್ಲ. ಜಿಲ್ಲೆಯ ಹಟ್ಟಿಯಲ್ಲಿ ನಿಜವಾದ ಬಂಗಾರದ ಗಣಿ ಇದೆ. 1947ರಲ್ಲಿ ನಿಜಾಮರ ಸೀಮೆಯಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಹುಟ್ಟಿದ ಕಂಪನಿ ಈಗ ರಾಜ್ಯ ಸರ್ಕಾರದ್ದು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ಬಂಗಾರದ ಮಾತು ಬಂದಾಗ ದೇಶ ನೋಡುವುದು ಹಟ್ಟಿಯ ಕಡೆಗೇ. ಅಲ್ಲಿನ ಹಳೇ ಗುಂಡಿಗಳು 640 ಅಡಿ ಆಳಕ್ಕೆ ಇಳಿದಿದ್ದವು. ಒಳಗೆ ಸಿಕ್ಕ ಕಟ್ಟಿಗೆಯ ವಯಸ್ಸು ಸುಮಾರು 1,900 ವರ್ಷ ಎಂದು ಕಾರ್ಬನ್ ಪರೀಕ್ಷೆ ಹೇಳಿತು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಮೇಲೆ ನೀರು ಸುರಿದು ಒಡೆಯುವುದು ಆ ಕಾಲದ ಪದ್ಧತಿ. "ನಮ್ಮೂರಾಗ ಬೆಂಕಿ ಯಾಕ ಬೇಕ್ರಿ, ಬಿಸಿಲs ಸಾಕು. ನೀರಿಂದು ಒಂದು ತ್ರಾಸು" ಎಂಬುದು ಕಾಕಾನ ಷರಾ.

ಆ ಹಿರಿಯರು ಮೇಲಿನ ಬಂಗಾರವನ್ನೆಲ್ಲ ಅಚ್ಚುಕಟ್ಟಾಗಿ ಬಳಿದುಕೊಂಡು ಹೋಗಿದ್ದಾರೆ ಎಂಬ ಮಾತನ್ನು ಮಾತ್ರ ಕಾಕಾ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಾಕಾಗಳಲ್ಲಿ ಊರಿಗೊಂದು ಬಗೆ. ರಾಯಚೂರು ನಗರದ ಕಾಕಾ ಸಿದ್ಧಾಂತಿ. ಸಾಮಾನ್ಯವಾಗಿ ನಿವೃತ್ತ ಮಾಸ್ತರು. ಮಂಡಾಳ ಒಗ್ಗರಣಿ, ಮಿರ್ಚಿ ಮುಂದಿಟ್ಟುಕೊಂಡು, ಅವು ಕಟ್ಟಿದ ಪೇಪರಿನ ಮೇಲೆಯೇ ಜಿಲ್ಲೆಯ ನಕ್ಷೆ ಬರೆಯುತ್ತಾರೆ. ಎಣ್ಣೆ ಹರಡಿದಲ್ಲೆಲ್ಲ ನಿಕ್ಷೇಪ. ಕೋಟೆ ನೋಡಲು ಬಂದ ನೆಂಟರನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಗೋಡೆಯಲ್ಲಿ ನಲವತ್ತು ಅಡಿ ಮೀರಿದ ಒಂದೇ ಕಲ್ಲಿದೆ, 1294ರ ಶಾಸನವಿದೆ, ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವಿದೆ. ನೆಂಟರು ಬಾಯಿ ತೆರೆದು ನಿಂತಿರುವಾಗ ಕಾಕಾ ಭೂತಗನ್ನಡಿ ಹಿಡಿದು ಉದ್ದಕ್ಕೂ ನೋಡಿ ಬಂದು ತೀರ್ಪು ಕೊಡುತ್ತಾರೆ: "ಬೆಣಚುಕಲ್ಲಿನ ಒಂದು ಎಳಿ ಇಲ್ರಿ. ಇಷ್ಟು ದೂರ ಯಾಕ ಎಳಕೊಂಡು ಬಂದ್ರೋ!"

ದೇವದುರ್ಗದ ಕಾಕಾಗೆ ನಗರದವರ ಮಾತು ಸೇರುವುದಿಲ್ಲ. ಅವರದು ಕಾಲಿನ ಕಸುಬು. ತಾಲ್ಲೂಕಿನ ಊಟಿಯಲ್ಲಿ ಹಟ್ಟಿ ಕಂಪನಿಯದೇ ಗಣಿ ಇರುವುದರಿಂದ ಅವರಿಗೆ ಒಂದು ಬಗೆಯ ಮನೆತನದ ಗತ್ತು. "ಬಂಗಾರಕ್ಕ ಮಂದಿ ದುಬೈಗೆ ಹೋಗ್ತಾರ, ನಮಗ ಊಟಿಗೆ ಬಸ್ ಅದ" ಎನ್ನುತ್ತಾರೆ. ಕೃಷ್ಣೆಯಲ್ಲಿ ನೀರು ಇಳಿದಾಗ ದಂಡೆಗೆ ಹೋಗಿ ಹೊಳೆಯುವ ಬಿಳಿ ಹರಳುಗಳನ್ನು ಆರಿಸುತ್ತಾರೆ. ಜೋತಿಷಿಯೊಬ್ಬರು ಶುಕ್ರನಿಗೆ ಓಪಲ್ ಒಳ್ಳೆಯದು ಎಂದ ದಿನದಿಂದ ಅವೆಲ್ಲ ಓಪಲ್ ಆಗಿವೆ. ಓಪಲ್ ಬರುವುದು ಆಸ್ಟ್ರೇಲಿಯಾ, ಇಥಿಯೋಪಿಯಾ ಕಡೆಯಿಂದ. ಇದು ಮೇಲಿನ ಸೀಮೆಯ ಕರಿಬಂಡೆಗಳಿಂದ ಹೊಳೆ ಉರುಳಿಸಿ ತಂದ ಅಗೇಟ್ ಜಾತಿಯ ಕಲ್ಲು ಎಂದು ಭೂವಿಜ್ಞಾನ ಓದಿದ ಹುಡುಗನೊಬ್ಬ ಹೇಳಿದ. ಕಾಕಾ ಅವನನ್ನು ಕರುಣೆಯಿಂದ ನೋಡಿ, "ಓದಿ ಕೆಟ್ಟಿ ತಮ್ಮಾ" ಎಂದರು.

ಮಾನ್ವಿಯ ಕಾಕಾ ರೈತರು. ಕಾಲುವೆ ನೀರು ಕೊನೆಯ ಹೊಲಕ್ಕೆ ಮುಟ್ಟದ ವರ್ಷ ಊರಲ್ಲಿ ಬೋರ್‌ವೆಲ್ ಲಾರಿ ಬರುತ್ತದೆ. ಆ ಸದ್ದು ಕೇಳಿದರೆ ಸಾಕು, ಯಾರ ಹೊಲವೇ ಇರಲಿ, ಕಾಕಾ ಜರಡಿ ಸಮೇತ ಹಾಜರ್. ಹೊಲದ ಯಜಮಾನ ನೀರು ಬರಲಿ ಎಂದು ತೆಂಗಿನಕಾಯಿ ಒಡೆದು ಕೈಮುಗಿದು ನಿಂತಿದ್ದರೆ ಇವರು ನೀರು ಬಂದು ಪುಡಿ ರಾಡಿಯಾಗದಿರಲಿ ಎಂದು ಕೈಮುಗಿಯುತ್ತಾರೆ. ಪುಡಿಯಲ್ಲಿ ಕಾಗೆಬಂಗಾರ ಮಿಣಮಿಣ ಎನ್ನುತ್ತದೆ. ಪೊಟ್ಟಣ ಕಟ್ಟಿ, ಮೇಲೆ ಆಳವನ್ನು ಅಡಿಗಳಲ್ಲಿ ಬರೆದು, ಸೊಸೆಯ ಮಸಾಲೆ ಡಬ್ಬಿಗಳ ಪಕ್ಕದಲ್ಲೇ ಇಡುತ್ತಾರೆ. ಮುಂಗಾರಿನ ಮೊದಲ ಮಳೆಗೆ ಗಡಿ ದಾಟಿ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಹೊಲಗಳಿಗೂ ಹೋಗಿ ಬರುತ್ತಾರೆ. ಅಲ್ಲಿ ಮಳೆಗೆ ಮಣ್ಣು ತೊಳೆದು ಹೋದಾಗ ವಜ್ರ ಸಿಗುವುದುಂಟು. ಅದಕ್ಕೇ ಸುತ್ತಲಿನ ಜನ ಬುತ್ತಿ ಕಟ್ಟಿಕೊಂಡು ಬಂದು ಹೊಲದಲ್ಲಿ ಬಗ್ಗಿರುತ್ತಾರೆ. ಕಾಕಾಗೆ ಈವರೆಗೆ ಅಲ್ಲಿ ಸಿಕ್ಕಿದ್ದು ಸೊಂಟನೋವು.

ಮೂವರೂ ಕೊನೆಗೆ ಹೋಗಿ ಕೂಡುವುದು ಸರಾಫರ ಅಂಗಡಿಯಲ್ಲಿ. ಆ ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಕಾಕಾ ಅತ್ತ ಇತ್ತ ನೋಡಿ, ಕರವಸ್ತ್ರದ ಗಂಟು ಬಿಚ್ಚಿ, ನಿಂಬೆಹಣ್ಣಿನ ಗಾತ್ರದ ಕಲ್ಲು ತೆಗೆದಿಡುತ್ತಾರೆ. ಅದರ ಮೈತುಂಬ ಹಳದಿ ಚೌಕಗಳು ಥಳಥಳ. ಸರಾಫರು ಒರೆಗಲ್ಲನ್ನು ಮುಟ್ಟುವುದೂ ಇಲ್ಲ. ಕಲ್ಲನ್ನು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದೇ ಏಟು. ಬಂಗಾರವಾದರೆ ತಟ್ಟಿದಷ್ಟೂ ಹಪ್ಪಳವಾಗಬೇಕು. ಇದು ಕಪ್ಪು ಪುಡಿಯಾಗಿ ಚದುರಿ, ಪಟಾಕಿ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಗಂಧಕವೂ ಕಬ್ಬಿಣವೂ ಕೂಡಿದ ಪೈರೈಟ್ ಅದು. "ಕಾಕಾ, ಕಬ್ಬಿಣದಂಗಡಿ ಮುಂದಿನ ಓಣ್ಯಾಗ ಅದ" ಎನ್ನುತ್ತಾರೆ ಸರಾಫರು, ನಗದೆ.

ಆದರೂ ಆ ಪುಡಿಯನ್ನು ಅವರು ಆಚೆ ಚೆಲ್ಲುವುದಿಲ್ಲ, ಅಂಗಡಿಯ ಕಸದ ಜೊತೆ ಗುಡಿಸಿ ಇಡುತ್ತಾರೆ. ಅಕ್ಕಸಾಲಿಗರ ಅಂಗಡಿಯ ಕಸಕ್ಕೂ ರೇಟು ಇದೆ. ಅದನ್ನು ಕೊಂಡು, ತೊಳೆದು, ಒಳಗಿನ ಅರದ ಪುಡಿಯನ್ನು ಬೇರೆ ಮಾಡಿ ಬದುಕುವವರಿದ್ದಾರೆ. ನಮ್ಮ ಊರುಗಳಲ್ಲಿ ಬೆಟ್ಟ ಹತ್ತದೆ ಬಂಗಾರ ಸಿಗುವ ಜಾಗ ಸರಾಫರ ಮುಂದಿನ ಚರಂಡಿ. ಕಾಕಾ ಮಾತ್ರ ಅದನ್ನು ದಿನಾ ದಾಟಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ.

ಕಾಕಾನ ಅಳಿಯ ಮೆಲ್ಬರ್ನಿನಲ್ಲಿದ್ದಾನೆ. ಆ ಸೀಮೆಯಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಹತ್ತು ವರ್ಷದ ಪರವಾನಗಿ ಸಿಗುತ್ತದೆ, ಸರ್ಕಾರಿ ಜಮೀನಿನಲ್ಲಿ ಬಂಗಾರ ಹುಡುಕಿ ಇಟ್ಟುಕೊಳ್ಳಬಹುದು ಎಂದು ಅವನು ಫೋನಿನಲ್ಲಿ ಹೇಳಿದ. ಮರುದಿನವೇ ಕಾಕಾ ಕಚೇರಿಯೊಂದರ ಬಾಗಿಲಲ್ಲಿ. ಗುಮಾಸ್ತರು ತಲೆ ಎತ್ತದೆ ಪಹಣಿ ಕೇಳಿದರು. ಕಾಕಾ ಕೊಟ್ಟರು.

"ಬೆಳಿ ಕಾಲಂನಾಗ ಏನ್ ಬರೀಲ್ರಿ? ಹತ್ತಿನೋ, ತೊಗರಿನೋ?"

"ಬಂಗಾರ ಬರೀರಿ."

"ಮುಂಗಾರಿಂದೋ, ಹಿಂಗಾರಿಂದೋ?"

ನಮ್ಮಲ್ಲಿ ಕಾನೂನು ಖಡಕ್. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಬಂಗಾರ ತೆಗೆಯುವುದಿರಲಿ, ಶೋಧ ಮಾಡುವುದಕ್ಕೂ ಸರ್ಕಾರದ ಅನುಮತಿ ಬೇಕು. ಮನೆಗೆ ಬಂದು ಇದನ್ನು ಹೇಳಿದಾಗ ಅವರ ಹೆಂಡತಿ ಕಾಕುಗೆ ಆದಷ್ಟು ಸಂತೋಷ ಯಾರಿಗೂ ಆಗಿಲ್ಲ. ಕಾಕಾ ಹೊತ್ತು ತಂದ ಕಲ್ಲುಗಳಿಗೆಲ್ಲ ಆಕೆ ಕೆಲಸ ಹಚ್ಚಿದ್ದಾಳೆ. ಒಂದು ಬಾಗಿಲಿಗೆ ಆಸರೆ, ಒಂದು ಉಪ್ಪಿನಕಾಯಿ ಭರಣಿಯ ಮೇಲೆ ಹೇರು, ಒಂದು ತುಳಸಿಕಟ್ಟೆಯ ಬಿರುಕಿಗೆ. ಲೆಕ್ಕವೂ ಆಕೆಯದೇ ಚೊಕ್ಕ. ಹಟ್ಟಿಯಂಥ ಹಟ್ಟಿಯಲ್ಲೇ ಒಂದು ಟನ್ ಕಲ್ಲು ಅರೆದರೆ ಬರುವುದು ಮೂರು ನಾಲ್ಕು ಗ್ರಾಂ. ತೊಲಿ ಎಂದರೆ ಹನ್ನೊಂದೂವರೆ ಗ್ರಾಮಿಗಿಂತ ತುಸು ಜಾಸ್ತಿ. "ಒಂದು ತೊಲಿ ಬರಬೇಕಂದ್ರ ಒಂದು ಟ್ರ್ಯಾಕ್ಟರ್ ಕಲ್ಲು ಬೇಕು. ನೀವು ಜೇಬಿನಾಗ ತಂದ್ರ ನನ್ನ ಮೂಗುಬೊಟ್ಟು ಯಾವ ಜನ್ಮಕ್ಕ ಆದೀತು?"

ಇಂಥ ಹೊತ್ತಿಗೆಂದೇ ಕಾಕಾ ಇಟ್ಟುಕೊಂಡ ಬ್ರಹ್ಮಾಸ್ತ್ರ ಮಸ್ಕಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರದ ಜಾಡು ಹಿಡಿದು ಮಸ್ಕಿಯ ಬೆಟ್ಟ ಸುತ್ತುತ್ತಿದ್ದಾಗ ಬಂಡೆಯ ಮೇಲೆ ಅಕ್ಷರಗಳು ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಬಂಡೆ, ಕಂಬಗಳ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ದೇವಾನಾಂಪ್ರಿಯ ಎಂಬುದರ ಪಕ್ಕದಲ್ಲಿ ಅಶೋಕ ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. "ಬೀಡನ್‌ಗ ಬಂಗಾರ ಸಿಗಲಿಲ್ಲ ಅಂತ ಯಾರರ ಬೈದಾರೇನು? ಹುಡುಕಾವ್ರಿಗೆ ಏನರ ಸಿಗತದ" ಎಂದು ಕಾಕಾ ಎದೆ ಉಬ್ಬಿಸುತ್ತಾರೆ. "ಅಶೋಕ ಸಿಕ್ರ ಅಲ್ಲೇ ಬಿಟ್ಟು ಬರ್ರಿ, ಮನ್ಯಾಗ ಜಾಗ ಇಲ್ಲ" ಎನ್ನುತ್ತಾಳೆ ಕಾಕು.

ಈಚೆಗೆ ಕಾಕಾ ಬಂಗಾರವನ್ನೂ ಹಗುರಾಗಿ ಮಾತಾಡುತ್ತಿದ್ದಾರೆ. ಮಂಡ್ಯದ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆ ಎಂದು 2024ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದ್ದನ್ನು ಪೇಪರಿನಲ್ಲಿ ಓದಿದ ಮೇಲೆ ಅಯಸ್ಕಾಂತ ಮೂಲೆ ಸೇರಿದೆ. ಈಗ ಕಲ್ಲಿಗೆ ಟಾರ್ಚಿನ ಬ್ಯಾಟರಿ ಹಚ್ಚಿ ನೋಡುತ್ತಾರೆ.

ನಗುವುದು ನಗೋಣ. ಆದರೆ ಕಾಕಾನನ್ನೂ ನಿಧಿಗಳ್ಳರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಹಾರೆ ಹಿಡಿದು ಪಾಳುಗುಡಿಯ ಲಿಂಗ ಕೀಳುವವರು, ವೀರಗಲ್ಲು ಉರುಳಿಸುವವರು ಬೇರೆಯೇ ಜಾತಿ. ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೂ ಕಲೆಕ್ಟರರಿಗೆ ತಿಳಿಸಬೇಕು ಎಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ನಮ್ಮ ರಾಜ್ಯದ ಕಾಯ್ದೆ 1962ರದು. ಗಬ್ಬೂರಿನಂಥ ಗುಡಿಗಳ ಊರಿರುವ ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ. ಕಾಕಾ ಹಗಲು ಹೊತ್ತಿನವರು. ಬಿದ್ದದ್ದನ್ನು ಎತ್ತುತ್ತಾರೆ, ನಿಂತದ್ದನ್ನು ಕೆಡವುವುದಿಲ್ಲ.

ಆದ್ದರಿಂದ ಕಲ್ಲು ಕಾಕಾ ನಿಮ್ಮ ಮನೆಗೆ ಬಂದರೆ ಚಹಾ ಕೊಡಿ. ಕಲ್ಲು ತೋರಿಸಿದರೆ ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆ ಅನ್ನಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಒಯ್ದು ಕೇಳಿ ಎಂದು ದಾರಿ ತೋರಿಸಿ. ನೀವೂ ಪಾಲಿಗೆ ಬರ್ರಿ, ಸ್ವಲ್ಪ ಬಂಡವಾಳ ಹಾಕ್ರಿ ಎಂದರೆ ಮಾತ್ರ ಕಾಕುನ ಟ್ರ್ಯಾಕ್ಟರ್ ಲೆಕ್ಕ ಹೇಳಿ, ಇನ್ನೊಂದು ಕಪ್ಪು ಚಹಾ ಬಗ್ಗಿಸಿ.