ಕಟಕಟೆಯಲ್ಲಿ ಒಂದು ಜೀವಕೋಶ

ಕಡಲಿನ ಮೇಲೆ ನಮಗೆ ಅಪಾರ ಪ್ರೀತಿ. ತಿಮಿಂಗಿಲಕ್ಕೊಂದು ದಿನ, ಆಮೆಗೊಂದು ದಿನ, ಡಾಲ್ಫಿನ್ನಿಗೂ ಒಂದು ದಿನ. ಮುಖ ಮುದ್ದಾಗಿದ್ದರೆ ಟೀ ಶರ್ಟಿನ ಮೇಲೂ ಜಾಗವುಂಟು. ಇನ್ನೊಂದರ ಮೈಯೊಳಗೆ ಹೊಕ್ಕು ಬದುಕುವ ಪರಾವಲಂಬಿ ಸೂಕ್ಷ್ಮಜೀವಿಗೆ ಮಾತ್ರ ದಿನವೂ ಇಲ್ಲ, ದೇಣಿಗೆಯೂ ಇಲ್ಲ. ಮುಖವೇ ಇಲ್ಲದವರಿಗೆ ಬ್ಯಾನರ್ ಕಟ್ಟುವುದಾದರೂ ಹೇಗೆ?

ಹಾಗಂತ ಇವು ಮೂಲೆಯಲ್ಲಿ ಬಿದ್ದಿರುವ ನಾಲ್ಕಾರು ಪುಂಡರಲ್ಲ. ಟಾರಾ ಎಂಬ ಹಾಯಿಹಡಗು 2009ರಿಂದ 2013ರವರೆಗೆ ಸಾಗರಗಳನ್ನು ಸುತ್ತಿ ನೀರು ಸೋಸಿತು. 2015ರಲ್ಲಿ ಫಲಿತಾಂಶ ಹೊರಬಿದ್ದಾಗ ನೋಡಿದರೆ, ಡಿಎನ್‌ಎ ಪಟ್ಟಿಯಲ್ಲಿ ಪರಾವಲಂಬಿಗಳ ದಂಡೇ ಇತ್ತು. ಯಾವ ಜೀವಿಗೆ ಯಾವುದರೊಡನೆ ನಂಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ, ಎಲ್ಲಕ್ಕಿಂತ ಎದ್ದು ಕಂಡದ್ದು ಪರಾವಲಂಬನೆಯೇ. ಪಠ್ಯಪುಸ್ತಕದ ಆಹಾರ ಪಿರಮಿಡ್ಡು ಮಾತ್ರ ಅಲುಗಾಡದೆ ನಿಂತಿದೆ: ಸಣ್ಣದನ್ನು ದೊಡ್ಡದು ತಿನ್ನಬೇಕು, ಅದನ್ನು ಇನ್ನೂ ದೊಡ್ಡದು. ಸಣ್ಣದು ದೊಡ್ಡದನ್ನು ಒಳಗಿನಿಂದಲೇ ತಿಂದರೆ ತರಗತಿಯ ಶಿಸ್ತು ಕೆಟ್ಟೀತು.

ಅಂಥ ಒಬ್ಬ ಅಶಿಸ್ತಿನ ಆಸಾಮಿ ಅಮೀಬೊಫ್ರಿಯಾ. ಡೈನೊಫ್ಲಾಜೆಲೇಟ್ ಎಂಬ ಏಕಕೋಶದ ಪಾಚಿಗಳು ಕೊಬ್ಬಿ ಕಡಲ ನೀರಿನ ಬಣ್ಣವನ್ನೇ ಬದಲಿಸುವುದುಂಟು. ಕೆಲವು ವಿಷವನ್ನೂ ಕಾರುತ್ತವೆ. ಆಗ ಕೆಲವೇ ಮೈಕ್ರಾನ್ ಗಾತ್ರದ ಅಮೀಬೊಫ್ರಿಯಾ ಬೀಜಾಣು ಪಾಚಿಗೆ ಅಂಟಿ, ಒಳಗೆ ನುಸುಳಿ, ಬಿಡಾರ ಹೂಡುತ್ತದೆ. ಎರಡು ಮೂರು ದಿನ ಉಂಡು ಬೆಳೆದು, ಕೊನೆಗೆ ಮನೆಯ ಮಾಲೀಕನನ್ನೇ ಸೀಳಿಕೊಂಡು ಹುಳುವಿನಾಕಾರದಲ್ಲಿ ಹೊರಬರುತ್ತದೆ. ಆ ಹುಳು ಚೂರಾಗಿ ನೂರಾರು ಬೀಜಾಣುಗಳಾಗುತ್ತದೆ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಪೆಂಜೆ ನದೀಮುಖದಲ್ಲಿ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಯಾವ ಪಾಚಿ ತಲೆಯೆತ್ತಿದರೂ ಅದಕ್ಕೆಂದೇ ಹುಟ್ಟಿದ ಯಮ ಬೆನ್ನಿಗೇ ಹಾಜರು ಎಂಬುದು ಅದರ ಸಾರ. ಸತ್ತ ಪಾಚಿಯ ಸತ್ವ ನೀರಿಗೆ ಚೆಲ್ಲಿ ಬ್ಯಾಕ್ಟೀರಿಯಾಗಳ ಹೊಟ್ಟೆ ಸೇರುತ್ತದೆ. ಪಾಚಿ ಕರಗಿತೋ, ಪರಾವಲಂಬಿಯ ಸಂಖ್ಯೆಯೂ ಇಳಿಯುತ್ತದೆ. ಕೆಲಸ ಮುಗಿದ ಕೂಡಲೇ ಕುರ್ಚಿ ಬಿಡುವ ಈ ದುರಭ್ಯಾಸದಿಂದಲೇ ಅದಕ್ಕೆ ನಮ್ಮಲ್ಲಿ ಮರ್ಯಾದೆ ಹುಟ್ಟದೆ ಹೋಗಿರಬೇಕು.

ಇಂಥವರಿಗೆ ಹೆಸರು ಬರಬೇಕಾದರೆ ದೊಡ್ಡವರಿಗೆ ಅವರಿಂದ ಏನಾದರೂ ಕೆಲಸ ಆಗಬೇಕು. 1940ರ ದಶಕದಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಆಯ್‌ಸ್ಟರ್ ಸಿಂಪಿಗಳು ರಾಶಿರಾಶಿ ಸತ್ತವು. ಇದಕ್ಕೆ ನೀವೇ ಕಾರಣ ಎಂದು ಸಿಂಪಿ ಬೆಳೆಯುವವರು ತೈಲ ಕಂಪನಿಗಳ ಮೇಲೆ ಕೇಸು ಜಡಿದರು. ಕಂಪನಿಗಳಿಗೆ ಒಮ್ಮಿಂದೊಮ್ಮೆಲೇ ಕಡಲ ಜೀವಶಾಸ್ತ್ರದ ಮೇಲೆ ಮಮತೆ ಉಕ್ಕಿತು. ಟೆಕ್ಸಾಸ್ ಎ ಅಂಡ್ ಎಂ ಸಂಶೋಧನಾ ಪ್ರತಿಷ್ಠಾನದ ಅಧ್ಯಯನಕ್ಕೆ ಹಣ ಸುರಿದವು. 1950ರಲ್ಲಿ ಮ್ಯಾಕಿನ್, ಓವೆನ್, ಕೊಲಿಯರ್ ಎಂಬ ವಿಜ್ಞಾನಿಗಳು ಹೊಸದೊಂದು ಪರಾವಲಂಬಿಯನ್ನು ಲೋಕದ ಮುಂದಿಟ್ಟರು. ಇಂದು ಅದರ ಹೆಸರು ಪರ್ಕಿನ್ಸಸ್ ಮರೈನಸ್, ಸಿಂಪಿಯವರ ಬಾಯಲ್ಲಿ ‘ಡರ್ಮೊ’. ವಿಜ್ಞಾನಿಗಳು ಸುಳ್ಳು ಹೇಳಲಿಲ್ಲ. ಸಿಂಪಿಯನ್ನು ಅದು ಕೊಲ್ಲುವುದು ನಿಜವೇ. ಆದರೂ ಕಂಪನಿಗಳ ಅದೃಷ್ಟ ನೋಡಿ! ವಕೀಲನನ್ನಿಡಲಾರದ, ಅಪೀಲು ಹೋಗಲಾರದ, ಪರಿಹಾರ ಕೊಡು ಎಂದರೆ ಜೇಬೇ ಇಲ್ಲದ ಇಂಥ ಆರೋಪಿ ದುಡ್ಡು ಕೊಟ್ಟರೂ ಸಿಗುವವನಲ್ಲ. ಇವರಿಗೆ ದುಡ್ಡು ಕೊಟ್ಟಾಗಲೇ ಸಿಕ್ಕಿದ.

ಈ ಆರೋಪಿಗೆ ಒಂದು ಗುಣವಿದೆ. ನೀರು ಉಪ್ಪಾಗಿ, ಬೆಚ್ಚಗಿದ್ದರೆ ಡರ್ಮೊ ಮೆರೆಯುತ್ತದೆ. ಸಿಹಿನೀರು ಹರಿದು ಬಂದರೆ ಕುಗ್ಗುತ್ತದೆ. ಲೂಸಿಯಾನಾದ ಜೌಗಿನಲ್ಲಿ ತೈಲಬಾವಿಗೂ ಪೈಪಿಗೂ ದಾರಿ ಮಾಡಲು ತೋಡಿದ ಕಾಲುವೆಗಳ ಗುಂಟ ಕಡಲಿನ ಉಪ್ಪುನೀರು ಒಳಕ್ಕೆ ನುಗ್ಗಿದೆ. ತೋಡಿಸಿದ್ದು ಅದೇ ತೈಲ ಉದ್ಯಮ. 1990ರ ದಶಕದ ಆರಂಭದಲ್ಲಿ ಚಳಿಗಾಲ ಬೆಚ್ಚಗಾದಾಗ ಡರ್ಮೊ ಅಮೆರಿಕದ ಈಶಾನ್ಯ ಕರಾವಳಿಗೂ ಏರಿಹೋಯಿತು. ಕಡಲನ್ನು ಕಾಯಿಸುವ ಹೊಗೆ ಯಾರ ಬಾವಿಯ ಎಣ್ಣೆಯದು ಎಂದು ಬೇರೆ ಹೇಳಬೇಕೆ?

ಸಿಂಪಿಯನ್ನು ತಿಂದವನು ಸಿಕ್ಕಿಬಿದ್ದ. ಅವನಿಗೆ ಬಾಗಿಲು ತೆಗೆದವರು ಸಾಕ್ಷಿಗಳ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದಾರೆ. ಡರ್ಮೊವನ್ನು ಕಾಣಲು ಸೂಕ್ಷ್ಮದರ್ಶಕ ಬೇಕು, ಅದಕ್ಕೆ ಹಣವೂ ಬರುತ್ತದೆ. ಕಾಲುವೆ ತೋಡುವ ಡ್ರೆಜರ್ ಬರಿಗಣ್ಣಿಗೇ ಕಾಣುತ್ತದೆ. ಅದನ್ನು ನೋಡಿ ಎಂದು ಮಾತ್ರ ಯಾವ ಕಂಪನಿಯೂ ಹಣ ಕೊಡುವುದಿಲ್ಲ.