ವಿಚಾರಿಸಿ ನೋಡುವ ಕಾಕಾ

ರೋಹಿಣಿ ಮಳೆ ಹೂಡಿ, ಜೂನ್ 7ರ ಸುಮಾರಿಗೆ ಬರತಕ್ಕ ಮಿರಗಕ್ಕೆ ಇನ್ನು ಹತ್ತು ಹನ್ನೆರಡು ದಿನಗಳು ಮಾತ್ರ ಉಳಿದಿರಲು, ಚಿಕ್ಕೋಡಿಯ ನಮ್ಮ ಓಣಿಯ ಇತರ ಗೃಹಸ್ಥರೆಲ್ಲರೂ ಬೀಜ, ಗೊಬ್ಬರ, ಮಕ್ಕಳ ಪಾಟಿಚೀಲ, ಕೊಡೆಯ ಮುರಿದ ಕಡ್ಡಿ ಇವುಗಳ ಚಿಂತೆಯಲ್ಲಿ ಮುಳುಗಿರುವಾಗ, ಕೆಂಪು ರಟ್ಟಿನ ವಹಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಗಂಭೀರವಾಗಿ ನಡೆದುಹೋಗುವ ವೃದ್ಧರೊಬ್ಬರು ಕಣ್ಣಿಗೆ ಬಿದ್ದರೆ ಅವರೇ ನಮ್ಮ ಕಾಕಾ ಎಂದು ತಿಳಿಯತಕ್ಕದ್ದು. ಅವರಿಗೆ ಹೆಸರಿಲ್ಲವೆಂದಲ್ಲ, ಆದರೆ ಇಂಥ ಕಾಕಾ ಓಣಿಗೊಬ್ಬರಂತೆ ಇರುವುದರಿಂದ, ಒಬ್ಬರನ್ನು ಹೆಸರಿಸಿ ಉಳಿದವರ ಮನಸ್ಸನ್ನು ನೋಯಿಸಲು ನನಗೆ ಇಷ್ಟವಿಲ್ಲ.

ಕಾಕಾನವರದು ಮಣ್ಣಿನ ಮಾಳಿಗೆಯ ಮನೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ. ಮುಂಭಾಗದಲ್ಲಿ ಸಾಗವಾನಿ ಹಲಗೆ ಹಾಸಿದ ಒಂದು ಮಾಡಿ. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಹುಲ್ಲನ್ನು ಬೇರುಸಹಿತ ಕಿತ್ತು, ಬಿರುಕುಗಳನ್ನು ಮುಚ್ಚಿ, ಹೊಸ ಸವಳು ಹರಡಿ ಬಡಿಯಬೇಕು. ಮಾಡಿಯ ಹಲಗೆಗಳನ್ನು ಉಜ್ಜಿ ಅಗಸಿ ಎಣ್ಣೆ ಕುಡಿಸಬೇಕು. ಸವಳು ಮಣ್ಣಿನ ಮಹಿಮೆಯೆಂದರೆ, ಅದರಲ್ಲಿರುವ ಕ್ಷಾರದ ದೆಸೆಯಿಂದ ನೀರು ಬಿದ್ದೊಡನೆ ಅದು ಕಣಕಣವಾಗಿ ಬಿಡಿಸಿಕೊಂಡು, ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಂಡು, ಮೇಣದಂತೆ ಕೂತುಬಿಡುತ್ತದೆ. ಹುಲ್ಲು ಸಹ ಅದರಲ್ಲಿ ಸುಲಭವಾಗಿ ಹುಟ್ಟದು. ವಿಧಿಯ ವಿನೋದವನ್ನು ನೋಡಿ: ಮಾಳಿಗೆಗಳಿದ್ದ ಕಾಲದಲ್ಲಿ ಒಂದು ಬಂಡಿ ಒಳ್ಳೆಯ ಸವಳಿಗಾಗಿ ಜನರು ಗಾವುದ ದೂರ ಹೋಗುತ್ತಿದ್ದರು; ಈಗ ಕೃಷ್ಣೆಯ ನೀರನ್ನು ಕಬ್ಬಿಗೆ ಮಿತಿಮೀರಿ ಕುಡಿಸಿದ ಪುಣ್ಯದಿಂದ ಕಾಗವಾಡ, ಅಥಣಿ, ರಾಯಬಾಗಗಳ ಎಷ್ಟೋ ಹೊಲಗಳು ತಾವಾಗಿಯೇ ಸವಳಾಗಿ ಬಿದ್ದಿವೆ, ಹೊದಿಸಲು ಮಾತ್ರ ಮಾಳಿಗೆಗಳಿಲ್ಲ.

ಕಾಕಾನವರ ಸಿದ್ಧಾಂತ ಒಂದೇ: ಕೆಲಸವನ್ನು ನಮ್ಮ ಸೀಮೆಯ ಕಸಬುದಾರನಿಗೇ ಕೊಡಬೇಕು, ಆದರೆ ವಿಚಾರಿಸಿ ಕೊಡಬೇಕು. ಮೊದಲನೆಯ ಭಾಗದಲ್ಲಿ ಯಾರಿಗೂ ತಕರಾರಿಲ್ಲ. ಎರಡನೆಯ ಭಾಗವು, ಬಾವಿಗೆ ಇಳಿದ ಹಗ್ಗದಂತೆ, ಎಲ್ಲಿಗೆ ಮುಟ್ಟುವುದೆಂದು ಮೇಲೆ ನಿಂತವರಿಗೆ ತೋರುವುದಿಲ್ಲ. ಆ ಕೆಂಪು ವಹಿಯಲ್ಲಿ ಗೌಂಡಿಯ ಊರು, ಅವನ ತಂದೆಯ ಕಸಬು, ಅವನು ಮುಟ್ಟಿದ ಮಾಳಿಗೆಗಳು, 2005ರಲ್ಲಿಯೂ 2019ರಲ್ಲಿಯೂ ನದಿಗಳು ಉಕ್ಕಿ ಹರಿದ ಆ ಮಳೆಗಾಲಗಳಲ್ಲಿ ಆ ಮಾಳಿಗೆಗಳು ನಡೆದುಕೊಂಡ ರೀತಿ, ಅಳತೆ ಹಿಡಿಯುವ ಮೊದಲು ಅವನು ತಂಬಾಕು ತಿಕ್ಕಿದನೋ ಅಥವಾ ಆಮೇಲೆ ತಿಕ್ಕಿದನೋ ಎಂಬ ಸೂಕ್ಷ್ಮ, ಇವೆಲ್ಲವೂ ಮೋಡಿ ಲಿಪಿಯನ್ನು ನೆನಪಿಸುವ ಅಕ್ಷರಗಳಲ್ಲಿ ದಾಖಲಾಗಿರುತ್ತವೆ. ಮೊದಲು ತಿಕ್ಕಿದವನು ಆಲೋಚನಾಪರ. ಆಮೇಲೆ ತಿಕ್ಕಿದವನು ದರ ಏರಿಸುವ ಹವಣಿಕೆಯಲ್ಲಿರುವವನು.

ಒಮ್ಮೆ ನಾನೂ ಅವರ ಜೊತೆಗೆ ನಿಪ್ಪಾಣಿಗೆ ಹೋಗಿದ್ದೆ. ಅಲ್ಲಿ ತಂಬಾಕಿನ ವಖಾರಿಗಳ ಹಂಚು ತಿರುವುವವನೊಬ್ಬನಿದ್ದಾನೆಂದೂ, ಹಂಚಿನವನಾದರೂ ನೀರಿನ ಮರ್ಮ ಬಲ್ಲವನೆಂದೂ ಅವರಿಗೆ ಯಾರೋ ಹೇಳಿದ್ದರು. ಕಾಕಾ ಅವನನ್ನು ಚಹದ ಅಂಗಡಿಯಲ್ಲಿ ಕೂಡಿಸಿಕೊಂಡು, ನ್ಯಾಯಾಧೀಶರ ಧಾಟಿಯಲ್ಲಿ, "ನೀ ತಿರುವಿದ ಹಂಚಿನ ಕೆಳಗ ತಂಬಾಕ ಏನರ ತೊಯ್ದದ ಏನಪಾ?" ಎಂದು ಕೇಳಿದರು. "ತಂಬಾಕ ತೊಯ್ದಿಲ್ರಿ ಕಾಕಾರ, ನಾನಽ ತೊಯ್ದೇನ್ರಿ" ಎಂದನವನು. ಇದಕ್ಕಿಂತ ಉತ್ತಮವಾದ ಪ್ರಶಸ್ತಿಪತ್ರ ಯಾವ ಕಸಬುದಾರನಿಗೂ ಬೇಕಿಲ್ಲವೆಂದು ನನಗೆ ತೋರಿತು. ಕಾಕಾ ಮಾತ್ರ ಮೂರು ತಾಸು ಅವನನ್ನು ಪರೀಕ್ಷಿಸಿ, ಎರಡು ಸಲ ಚಹ ಕುಡಿಸಿ, "ವಿಚಾರ ಮಾಡಿ ಹೇಳತೇನಿ" ಎಂದು ಎದ್ದರು.

ಅಥಣಿಯ ಮೇಲೆ ಅವರಿಗೆ ವಿಶೇಷವಾದ ಭಕ್ತಿ. ಮುರುಘೇಂದ್ರ ಶಿವಯೋಗಿಗಳು ಬಾಳಿದ ಗಚ್ಚಿನಮಠವಿರುವ ಊರು ಅದು. ಮಠದ ಹೆಸರಿನಲ್ಲಿಯೇ ಗಚ್ಚು ಇರುವಾಗ ಅಲ್ಲಿಯ ಗೌಂಡಿಗೆ ಕಲಿಯತಕ್ಕದ್ದೇನು ಉಳಿದೀತೆಂಬುದು ಅವರ ತರ್ಕ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದ ಕಾಲದ ಸಂಗತಿಗಳನ್ನು ಅಲ್ಲಿಯ ವೃದ್ಧ ಗೌಂಡಿಯೊಬ್ಬನಿಂದ ಕೇಳಿ ಬರೆದುಕೊಂಡರು. ಕಡೆಗೆ ಅವನು, ಗಚ್ಚೇ ಬೇರೆ, ಮಣ್ಣಿನ ಮಾಳಿಗೆಯೇ ಬೇರೆ ಎಂದು ಕೈ ಮುಗಿದನು. ಹೋದ ತಪ್ಪಿಗೆ ಕಾಕಾ, ಕೊಲ್ಹಾಪುರಿಯೆಂಬ ಹೆಸರಿನಿಂದ ಲೋಕದಲ್ಲೆಲ್ಲ ಮೆರೆಯುವ ಅಥಣಿಯ ಚಪ್ಪಲಿ ಒಂದು ಜೊತೆ ಕೊಂಡು ತಂದರು. ನಾಲ್ಕು ವರ್ಷಗಳ ವಿಚಾರಣೆಯ ಪ್ರತ್ಯಕ್ಷ ಫಲವಾಗಿ ಅವರ ಮನೆಯಲ್ಲಿ ಅಂಥ ನಾಲ್ಕು ಜೊತೆಗಳಿವೆ. ರಾಯಬಾಗ, ಕಾಗವಾಡಗಳ ಯಾತ್ರೆಯೂ ಇದೇ ಬಗೆಯದು. ಚಿಕ್ಕೋಡಿ ರೋಡ ಎಂಬ ಸ್ಟೇಷನ್ನಿನಲ್ಲಿ ಇಳಿದು ಚಿಕ್ಕೋಡಿ ಎಲ್ಲಿ ಎಂದು ಹುಡುಕುವ ಪರಸ್ಥಳದವನಂತೆ ಅವರು ಹೆಸರಿನ ಬೆನ್ನುಹತ್ತಿ ಹೋಗಿ ಕೆಲಸದಿಂದ ದೂರವೇ ಉಳಿಯುತ್ತಿದ್ದರು. ಮನೆಯಲ್ಲಿ ಕಾಕು, ಯಾವ ಮೂಲೆಗೆ ಯಾವ ಬೋಗಣಿ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಈ ವರ್ಷ ಮಿರಗದ ಮೊದಲ ಮಳೆ ರಾತ್ರಿಯೇ ಸುರಿದು, ಬೋಗಣಿಗಳು ಸಾಲದೆ ದೇವರ ಕೋಣೆಗೆ ಹಿತ್ತಾಳೆಯ ಕೊಳಗವನ್ನು ಇಡಬೇಕಾಗಿ ಬಂದಿತು. ಬೆಳಗಾಗುತ್ತಲೇ ಕಾಕಾ, ಇಷ್ಟು ವರ್ಷ ತೀರ ಸಮೀಪದವನೆಂಬ ಏಕೈಕ ದೋಷಕ್ಕಾಗಿ ವಹಿಯಲ್ಲಿ ಸ್ಥಾನ ಪಡೆಯದಿದ್ದ ಹಿಂದಿನ ಓಣಿಯ ಗೌಂಡಿಯನ್ನು ಕರೆಯಿಸಿದರು. ಅವನು ಬಂದು ಅಂಗಳದಲ್ಲಿ ನಿಂತು, ಮಾಳಿಗೆಯನ್ನು ನೋಡದೆ ಕಾಕಾನವರನ್ನೇ ಆಪಾದಮಸ್ತಕ ನೋಡಿದನು. ಕಾಕಾ ವಹಿ ಬಿಚ್ಚಿ, ಅವನ ತಂದೆಯ ಕಸಬಿನಿಂದ ಆರಂಭಿಸಬೇಕೆನ್ನುವಷ್ಟರಲ್ಲಿ ಅವನೇ ಮಾತು ತೆಗೆದನು:

"ನಾವೂ ನಿಮ್ಮನ್ನ ವಿಚಾರಿಸೇವ್ರಿ ಕಾಕಾರ. ನಿಪ್ಪಾಣ್ಯಾಗ ನಮ್ಮ ಭಾವ ಅದಾನ್ರಿ. ಚಾ ಕುಡಸ್ತಾರ, ಕೆಲಸ ಕೊಡೂದಿಲ್ಲ ಅಂದಾ. ಅಥಣ್ಯಾಗಿನ ಹಿರ್ಯಾ ಅಂದಾ, ಮನಷ್ಯಾ ಛಲೋ, ಖರೆ ಆ ವಹಿ ಒಂದ ತಗದ ಇಡಾಕ ಹೇಳ ಅಂತ."

ಕಾಕಾ ನನ್ನ ಕಡೆಗೆ ನೋಡಿದರು. ನಾನು ಆಕಾಶದ ಕಡೆಗೆ ನೋಡಿದೆನು. ಮೋಡವು ಮತ್ತೆ ಕವಿಯುತ್ತಿದ್ದಿತು.

"ವಹಿ ಕೆಳಗ ಇಟ್ರ ನಾ ಮ್ಯಾಲ ಏರತೇನ್ರಿ" ಎಂದು ಗೌಂಡಿ ತನ್ನ ಕರಾರನ್ನು ಮಂಡಿಸಿದನು.

ಕಾಕಾ ಬಹಳ ಹೊತ್ತು ಸುಮ್ಮನಿದ್ದು, ವಹಿಯನ್ನು ಕಟ್ಟೆಯ ಮೇಲೆ, ಸೋರದ ಸ್ಥಳವನ್ನು ಆರಿಸಿ, ಇಟ್ಟರು. ಗೌಂಡಿ ನಿಚ್ಚಣಿಕೆ ಏರಿದನು. ಮೇಲಿನಿಂದ ಹುಲ್ಲಿನ ಗಡ್ಡೆಗಳು ಒಂದೊಂದಾಗಿ ಬೀಳತೊಡಗಿದವು. ಮಧ್ಯಾಹ್ನಕ್ಕೆ ಸವಳು ಮಣ್ಣಿನ ಗಾಡಿಯೂ ಬಂದಿತು. ಬರಿಗೈಯಲ್ಲಿ ನಿಂತು ಅಭ್ಯಾಸವಿಲ್ಲದ ಕಾಕಾ, ಮೂರನೆಯ ಬುಟ್ಟಿ ಮೇಲೇರುವವರೆಗೆ ತಡೆದುಕೊಂಡಿದ್ದು, ಅನಂತರ ತಡೆಯಲಾರದೆ ಕತ್ತೆತ್ತಿ ಕೇಳಿದರು:

"ಸವಳ ಯಾ ಊರಿಂದೋ?"

"ಕಾಗವಾಡ ಕಡೇದ್ರಿ."

"ಯಾರ ಹೊಲದ್ದು?"

ಮೇಲಿನಿಂದ ಉತ್ತರ ಬರಲಿಲ್ಲ. ಹಗ್ಗಕ್ಕೆ ಕಟ್ಟಿದ ಬರಿದಾದ ಬುಟ್ಟಿಯೊಂದು ಅವರ ಮೂಗಿನ ಮುಂದೆ ಇಳಿದು ಬಂದು ನಿಂತಿತು. ಕಾಕಾ ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದನ್ನು ತುಂಬತೊಡಗಿದರು.