ಗಾಬ್ಲಿನ್‌ಗೂ ಒಂದು ಉದ್ಯೋಗ

ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ 'ಹೀಗೇ, ಒಂದಿಷ್ಟು ಓದು' ಎಂದು ತೇಲಿಸಿಬಿಡುತ್ತೇನೆ. ನಿಜ ಹೇಳಹೊರಟರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ನಿಜವೇನೆಂದರೆ, ಭಾನುವಾರ ಮಧ್ಯಾಹ್ನ ನಾಲ್ವರು ಮರ್ಯಾದಸ್ಥರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಅವರನ್ನು ಕೊಲ್ಲಲು ನೋಡುತ್ತೇನೆ. ನೋಡಬೇಕು ಅಷ್ಟೆ, ಕೊಲ್ಲಬಾರದು. ಸಾವಿನ ಬಾಗಿಲವರೆಗೆ ಹೋಗಿ, ಬೆವರೊರೆಸಿಕೊಂಡು, 'ಅಬ್ಬ, ಬದುಕಿದೆವು' ಎನ್ನುತ್ತ ಅವರು ಮನೆಗೆ ಹೊರಡಬೇಕು. ಮುಂದಿನ ಸಲ ತಾವಾಗಿಯೇ ಮತ್ತೆ ಬರಬೇಕು. ಚಕ್ಕುಲಿ ಖರ್ಚೂ ನನ್ನದೇ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಹೊರಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಮೊದಲ ಮುದ್ರಣ 1000 ಪ್ರತಿ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ, ಸಾಹಸಕ್ಕೆ ಕೈಹಾಕಿದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಿ ಆಯಿತೋ ಇಲ್ಲವೋ ನೋಡುತ್ತಾರೆ. ನನ್ನ ಮೇಜಿನಲ್ಲಿ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವವರೊಬ್ಬರಿದ್ದಾರೆ. ಇಲ್ಲಿ ಅವರು ಕಳ್ಳ. ಹಲ್ಲಿನ ಡಾಕ್ಟರಮ್ಮ ಮಂತ್ರವಾದಿ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಸಾಫ್ಟ್‌ವೇರ್ ಹುಡುಗ ಉಕ್ಕಿನ ಕವಚ ತೊಟ್ಟ ಮಹಾವೀರ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವರು ಗಾಯ ಮಾಯಿಸುವ ದೇವಸೇವಕಿ. ಯಾರಿಗೆ ಎಷ್ಟು ಗಾಯ ಮಾಯಿಸಬೇಕು ಎಂಬಲ್ಲಿಯೂ ಅವರು ಮಿತವ್ಯಯ ಬಿಟ್ಟವರಲ್ಲ. ಕಥೆ ಹೇಳುವವನು, ಅಂದರೆ ಡಂಜನ್ ಮಾಸ್ಟರ್, ನಾನು. ಲೋಕದಲ್ಲಿರುವ ಉಳಿದೆಲ್ಲವೂ ನಾನೇ: ಮಳೆ, ರಾಜ, ಹೋಟೆಲಿನವನು, ರಾಕ್ಷಸ, ರಾಕ್ಷಸನ ನಾಯಿ.

ಈ ಆಟಕ್ಕೆ ಜಗಳ ಹುಟ್ಟುಗುಣ. ಇದರ ಹಿಂದಿರುವುದು 1971ರ 'ಚೈನ್‌ಮೇಲ್' ಎಂಬ ಯುದ್ಧದಾಟ. ಮೇಜಿನ ಮೇಲೆ ಪುಟಾಣಿ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಕಾದಿಸುವುದು. ಹೀಗಾಗಿ ನಿಯಮಪುಸ್ತಕದಲ್ಲಿ ಪ್ರೀತಿ ಮಾಡುವುದು ಹೇಗೆ ಎಂಬುದಕ್ಕೆ ಒಂದು ಸಾಲೂ ಸಿಗುವುದು ಕಷ್ಟ, ಕೊಡಲಿಯಿಂದ ಹೊಡೆಯುವುದು ಹೇಗೆ ಎಂಬುದಕ್ಕೆ ಪುಟಗಟ್ಟಲೆ ವಿವರಣೆ. ಒಂದು ಸುತ್ತು ಎಂದರೆ ಕಥೆಯೊಳಗೆ 6 ಸೆಕೆಂಡು. ಮೂರು ಸುತ್ತಿನ ಕಾಳಗ 18 ಸೆಕೆಂಡಿನಲ್ಲಿ ಮುಗಿಯಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಒಂದು ಸೀರಿಯಲ್ಲೂ ಅದರ ಮುಂದಿನ ಸೀರಿಯಲ್ಲೂ ಮುಗಿಯುವಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಜನರನ್ನು ಕೂರಿಸಿಕೊಳ್ಳಬೇಕಾದರೆ ಕಾಳಗದಲ್ಲಿ ಹುರುಳಿರಬೇಕು.

ಕಾಳಗ ಎಷ್ಟು ಕಷ್ಟದ್ದಿರಬೇಕೆಂದು ಪುಸ್ತಕವನ್ನು ಕೇಳಿದರೆ ಅದು ಲೆಕ್ಕ ಹೇಳುತ್ತದೆ. 2014ರ ಆವೃತ್ತಿಯ ಪ್ರಕಾರ ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿ ಒಂದಕ್ಕೆ 50 ಅಂಕ. ಆರು ಗಾಬ್ಲಿನ್‌ಗಳಾದರೆ 300. ಆದರೆ ಗುಂಪಾಗಿ ಬಂದದ್ದಕ್ಕೆ ಇಮ್ಮಡಿ, 600. ಮೂರನೆಯ ಮಟ್ಟದ ನಾಲ್ವರು ವೀರರಿಗೆ 600 ಎಂದರೆ ಮಧ್ಯಮ, 900 ಕಠಿಣ, 1600 ಮಾರಣಾಂತಿಕ. ಶನಿವಾರ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತವನನ್ನು ಕಂಡು ಹೆಂಡತಿ, ಆದಾಯ ತೆರಿಗೆಯ ಕಾಗದ ತುಂಬುತ್ತಿದ್ದಾನೆಂದು ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋದದ್ದುಂಟು. 2024ರ ಹೊಸ ಪುಸ್ತಕದಲ್ಲಿ ಈ ಗುಂಪಿನ ಗುಣಾಕಾರವನ್ನೇ ಎತ್ತಿಹಾಕಿದರು. ನನ್ನಂತೆ ಅದನ್ನು ಬಾಯಿಪಾಠ ಮಾಡಿದ್ದವರಿಗೆ ಪರಿಹಾರವೇನೂ ಘೋಷಣೆಯಾಗಲಿಲ್ಲ.

ಲೆಕ್ಕ ಸುಳ್ಳಲ್ಲ, ಆದರೆ ಲೆಕ್ಕಕ್ಕೆ ಕಣ್ಣಿಲ್ಲ. ಓಗರ್ ಎಂಬ ದೈತ್ಯನಿದ್ದಾನೆ. 2014ರ ಪುಸ್ತಕದಲ್ಲಿ 59 ಹಿಟ್ ಪಾಯಿಂಟಿನ ಜೀವಬಲ, ಕೈಯಲ್ಲಿ ಮರದ ಬೊಡ್ಡೆಯಂಥ ಗದೆ, ನೋಡಿದರೆ ಎದೆ ಝಲ್ಲೆನ್ನಬೇಕು. ಒಬ್ಬನನ್ನೇ ನಡುಮನೆಯಲ್ಲಿ ನಿಲ್ಲಿಸಿ ನೋಡಿ. ಅವನು ಒಮ್ಮೆ ಗದೆ ಬೀಸುವಷ್ಟರಲ್ಲಿ ನಾಲ್ವರೂ ಒಬ್ಬೊಬ್ಬರಾಗಿ ಇಕ್ಕಿರುತ್ತಾರೆ. ಅವನ ರಕ್ಷಣೆಯ ಅಂಕ ಬರೀ 11, ಅರ್ಧ ನಿದ್ದೆಯಲ್ಲಿ ದಾಳ ಎಸೆದರೂ ಏಟು ತಗಲುತ್ತದೆ. ಎರಡು ಸುತ್ತಿಗೆ ಕಥೆ ಮುಗಿಯಿತು. ದೊಡ್ಡ ಡ್ರ್ಯಾಗನ್ನಿಗೂ ಇದೇ ಗತಿಯಾದೀತೆಂದು, ಪರರ ಸರದಿ ಮುಗಿದ ಕೂಡಲೇ ನಡುವೆ ನುಗ್ಗಿ ಬಾಲ ಬೀಸುವ ವಿಶೇಷಾಧಿಕಾರವನ್ನು 2014ರಲ್ಲಿ ಅದಕ್ಕೆ ಕೊಟ್ಟರು. ಬಡ ಓಗರ್‌ಗೆ ಆ ಭಾಗ್ಯವಿಲ್ಲ. ಬಂದ, ನಿಂತ, ಸತ್ತ.

ಹೀಗೆ ಒಮ್ಮೆ ಗುಹೆಯೊಂದರಲ್ಲಿ ಗಾಬ್ಲಿನ್‌ಗಳ ಸಂಹಾರ ನಡೆಯುತ್ತಿದ್ದಾಗ ಅತ್ತೆಯವರು ಊರಿನಿಂದ ಬಂದಿದ್ದರು. ಅವರು ಹೊನ್ನಾವರದ ಕಡೆಯವರು, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಿನ ಜಾವ ಭಾಗವತರ ತಪ್ಪು ಹೇಳುವಷ್ಟು ಪಳಗಿದವರು. ಸೋಫಾದಲ್ಲಿ ಕೂತು ಹೂಬತ್ತಿ ಹೊಸೆಯುತ್ತ ನಮ್ಮ ಆಟ ನೋಡಿದರು. ಕೊನೆಯ ಗಾಬ್ಲಿನ್ ಬಿದ್ದ ಮೇಲೆ ಕೇಳಿದರು:

"ಅಲ್ಲ, ನೀವು ಹೋಗುವವರೆಗೆ ಅವು ಆ ಗುಹೆಯಲ್ಲಿ ಎಂತ ಮಾಡ್ತಾ ಇದ್ದವು?"

"ಕಾಯ್ತಾ ಇದ್ದವು, ಅತ್ತೆ."

"ಯಾರನ್ನ?"

"ನಮ್ಮನ್ನೇ."

"ನಿಮ್ಮನ್ನ ಕಾಯ್ಲಿಕ್ಕೆ ಅವಕ್ಕೆ ಸಂಬಳ ಯಾರು ಕೊಡ್ತಾರೆ?"

ಬ್ಯಾಂಕಿನ ಕಳ್ಳರು ಮೊದಲು ನಕ್ಕರು. ನಾನು ಪುಸ್ತಕದ ಪುಟ ತಿರುಗಿಸುವ ನೆಪದಲ್ಲಿ ತಲೆ ತಗ್ಗಿಸಿದೆ. "ರಾಕ್ಷಸ ಅಂದ ಮೇಲೆ ಬರುವಾಗ ಒಂದು ಆರ್ಭಟವೂ ಬೇಡವಾ? ತೆರೆ ಹಿಡಿದು ಅಷ್ಟು ಹೊತ್ತು ಕುಣಿಸುವುದು ಯಾಕೆ ಮತ್ತೆ?" ಎಂದು ಇನ್ನೊಂದು ಬತ್ತಿಗೆ ಕೈ ಹಾಕಿದರು. ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ದುಷ್ಟಜೀವಿಯ ಹೆಸರಿನ ಎದುರಿಗೆ 'ಉದ್ಯೋಗ' ಎಂಬ ಕಲಮು ಸೇರಿತು. ವೀರರ ಕತ್ತಿಗೆ ಕತ್ತು ಕೊಡುವುದನ್ನು ಬಿಟ್ಟು ಬೇರೊಂದು ಕೆಲಸವಿರುವ ಶತ್ರುವೇ ನೆನಪಿನಲ್ಲಿ ಉಳಿಯುವವನು. ಗಾಬ್ಲಿನ್‌ಗಳು ಕದ್ದ ಹಂದಿಯನ್ನು ಮಳೆ ಬರುವ ಮೊದಲು ಗುಡ್ಡ ಹತ್ತಿಸುತ್ತಿವೆ ಎಂದುಕೊಳ್ಳಿ. ಆಗ ಕಾಳಗ ತಾನಾಗಿಯೇ ಹುಟ್ಟುತ್ತದೆ: ಎರಡು ಹಗ್ಗ ಹಿಡಿದಿವೆ, ಎರಡು ಬಿಲ್ಲು ಹಿಡಿದು ಹಿಂದೆ ಸರಿಯುತ್ತಿವೆ, ಹಂದಿ ಯಾರ ಪಕ್ಷವೂ ಅಲ್ಲ.

ಈ ಮಾತಿಗೆ ಸಾಕ್ಷಿಯಾಗಿ ತುಕ್ಕುಪ್ರಾಣಿಯನ್ನು ಕರೆಯುತ್ತೇನೆ. ಇಂಗ್ಲಿಷಿನವರು ರಸ್ಟ್ ಮಾನ್‌ಸ್ಟರ್ ಎನ್ನುತ್ತಾರೆ. ಇದರ ಹುಟ್ಟೇ ತಮಾಷೆ. ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಒಂದು ಪೊಟ್ಟಣ ತಂದಿದ್ದರು; ಹಾಂಗ್‌ಕಾಂಗಿನ ಮಾಲು, ಯಾವ ಪ್ರಾಣಿ ಎಂದು ಮಾಡಿದವರಿಗೂ ಗೊತ್ತಿರಲಾರದು. ಅದರಲ್ಲಿ ಬಾಲದ ತುದಿಗೆ ಪ್ರೊಪೆಲ್ಲರಿನಂಥದ್ದು ಅಂಟಿದ ವಿಚಿತ್ರವೊಂದಿತ್ತು. ಅದೇ ತುಕ್ಕುಪ್ರಾಣಿಯಾಯಿತು. ಗೂಬೆಮೋರೆಯ ಕರಡಿ ಔಲ್‌ಬೇರ್ ಕೂಡ ಅದೇ ಪೊಟ್ಟಣದ ಸಂತಾನ. ತುಕ್ಕುಪ್ರಾಣಿಗೆ ಯಾರ ಮೇಲೂ ಹಗೆಯಿಲ್ಲ, ಮನುಷ್ಯ ಮಾಂಸದ ಆಸೆಯೂ ಇಲ್ಲ. ಅದಕ್ಕೆ ಬೇಕಾದದ್ದು ಕಬ್ಬಿಣ. ಮೀಸೆ ತಾಗಿಸಿದರೆ ಕವಚ ತುಕ್ಕು, ಕತ್ತಿಯಿಂದ ಅದನ್ನು ಹೊಡೆದರೆ ಕತ್ತಿ ತುಕ್ಕು. 2014ರ ಪುಸ್ತಕದಲ್ಲಿ ಹಿಟ್ ಪಾಯಿಂಟ್ 27 ಅಷ್ಟೆ.

ಡ್ರ್ಯಾಗನ್ ಎಂದರೆ ಮುಂದೆ ನುಗ್ಗುವ ನಮ್ಮ ಮಹಾವೀರ ಇದನ್ನು ಕಂಡೊಡನೆ ಗೋಡೆಗೆ ಅಂಟಿದ. ಅವನ ಕವಚದ ಬೆಲೆ 1500 ಚಿನ್ನದ ನಾಣ್ಯ. ಕೂಡಿಸಿದ ಕಷ್ಟ ಅವನಿಗೇ ಗೊತ್ತು. "ಕಳಚುತ್ತೇನೆ!" ಎಂದ. ಅರ್ಥಶಾಸ್ತ್ರದ ಮೇಡಂ ತಣ್ಣಗೆ ಪುಸ್ತಕ ತೆರೆದು, ಅಂಥ ಕವಚ ಕಳಚಲು 5 ನಿಮಿಷ, ಅಂದರೆ 50 ಸುತ್ತು ಎಂದು ಓದಿ ಹೇಳಿದರು. ಆಮೇಲೆ ನಡೆದದ್ದನ್ನು ಯುದ್ಧ ಎನ್ನಲು ಬರುವುದಿಲ್ಲ. ಮಹಾವೀರ ಕಂಬ ಸುತ್ತಿ ಓಡುತ್ತಿದ್ದಾನೆ, ಅವನ ಹಿಂದೆ ಹಸಿದ ನಾಯಿಮರಿಯ ಉತ್ಸಾಹದಲ್ಲಿ ಆ ಪ್ರಾಣಿ, ಕಳ್ಳರು ಚೀಲದಿಂದ ಕಬ್ಬಿಣದ ಮೊಳೆ ತೆಗೆದು ಒಂದೊಂದಾಗಿ ದೂರಕ್ಕೆ ಎಸೆದು "ಬಾ ಬಾ ಬಾ" ಎಂದು ಕರೆಯುತ್ತಿದ್ದಾರೆ. ಒಂದು ತೊಟ್ಟು ರಕ್ತ ಬೀಳಲಿಲ್ಲ. ಈಗಲೂ ಮದುವೆ ಮನೆಯಲ್ಲೋ ಮುಂಜಿಯಲ್ಲೋ ನಾವು ಸಿಕ್ಕರೆ ಮಾತು ಬರುವುದು ಆ ಮೊಳೆಗಳದ್ದೇ. ಎಷ್ಟೋ ಅಸುರರನ್ನು ಕೊಂದಿದ್ದಾರೆ, ಅವರ ಹೆಸರು ಯಾರಿಗೂ ನೆನಪಿಲ್ಲ.

ಬಲವಿಲ್ಲದವರು ಬುದ್ಧಿ ಓಡಿಸಿದರಂತೂ ಕೇಳಲೇಬೇಡಿ. ಕೋಬಾಲ್ಡ್ ಎಂಬವು ಈ ಆಟದ ತೀರಾ ಬಡಕಲು ಜೀವಿಗಳು. 'ಡ್ರ್ಯಾಗನ್' ಪತ್ರಿಕೆಯ 1987ರ ನವೆಂಬರ್ ಸಂಚಿಕೆಯಲ್ಲಿ ಸಂಪಾದಕ ರೋಜರ್ ಮೂರ್, ಟಕರ್ ಎಂಬ ಡಂಜನ್ ಮಾಸ್ಟರ್ ಸಾಕಿದ ಕೋಬಾಲ್ಡ್‌ಗಳ ಬಗ್ಗೆ ಬರೆದರು. ಅವು ಎದುರಿಗೆ ಬರುವುದೇ ಇಲ್ಲ. ಗೋಡೆಯ ಕಿಂಡಿಯಿಂದ ಬಾಣ, ಹಿಂದಿನಿಂದ ಬಾಗಿಲಿಗೆ ಅಗಳಿ, ಮುಂದೆ ಬೆಂಕಿ, ಮೇಲೆ ಹೊಗೆ. ಕೆಳಗಿನ ಅಂತಸ್ತಿನಲ್ಲಿ ಧಗಧಗ ಉರಿಯುವ ಪಿಶಾಚಿಗಳಿದ್ದವು. ಹಳೆಹುಲಿ ಆಟಗಾರರು ಅವೇ ವಾಸಿ ಎಂದು ಕೆಳಗೆ ಓಡುತ್ತಿದ್ದರಂತೆ. ಆ ಕೋಬಾಲ್ಡ್‌ಗಳ ಉದ್ಯೋಗವೇನು? ಮನೆ ಕಾಯುವುದು. ಹೊರಗಿನವರು ಬಾಗಿಲು ಒದ್ದು ಒಳಗೆ ಬಂದರೆ ನಮ್ಮ ಅಪಾರ್ಟ್‌ಮೆಂಟಿನ ಸಂಘದವರೂ ಹಾಗೇ ಮಾಡಿಯಾರು, ಬೆಂಕಿಯೊಂದನ್ನು ಬಿಟ್ಟು.

ಇನ್ನೊಂದು ಮಾದರಿ ನಮಗೆ ಲೇಕ್ ಜಿನೀವಾದಿಂದ ಬರಬೇಕಾಗಿಲ್ಲ, ದ್ರೋಣಪರ್ವದಲ್ಲೇ ಇದೆ. ಯುದ್ಧದ ಹದಿನಾಲ್ಕನೆಯ ದಿನ. ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಎಂದು ಅರ್ಜುನ ಶಪಥ ಮಾಡಿದ್ದಾನೆ. ಎದುರು ಪಕ್ಷಕ್ಕೆ ಅರ್ಜುನನನ್ನು ಗೆಲ್ಲುವ ಅಗತ್ಯವೇ ಇಲ್ಲ. ಸಂಜೆಯವರೆಗೆ ಕಾಲ ತಳ್ಳಿದರೆ ಸಾಕು. ಎಷ್ಟು ಸೊಗಸಾದ ಉದ್ಯೋಗ! ಜಯದ್ರಥ ವ್ಯೂಹದ ಹಿಂದೆ ಅಡಗಿದ್ದಾನೆ. ನಡುವೆ ಕುದುರೆಗಳು ಬಳಲಿದವೆಂದು ರಥ ನಿಲ್ಲಿಸಿ, ಅರ್ಜುನ ಬಾಣ ಹೊಡೆದು ನೆಲದಿಂದ ನೀರು ಬರಿಸುತ್ತಾನೆ, ಕೃಷ್ಣ ಕುದುರೆಗಳಿಗೆ ನೀರು ಕುಡಿಸಿ ಉಪಚರಿಸುತ್ತಾನೆ. ಗಡಿಯಾರ ಓಡುತ್ತಿರುವಾಗ ಕುದುರೆಗೆ ನೀರು! ಇದಕ್ಕಿಂತ ಚೆನ್ನಾಗಿ ಆಟಗಾರರ ಉಗುರು ಕಚ್ಚಿಸಲು ನನ್ನಿಂದಾಗದು. ಸಾಲದ್ದಕ್ಕೆ, ತನ್ನ ಮಗನ ತಲೆಯನ್ನು ಯಾರು ನೆಲಕ್ಕೆ ಕೆಡವುತ್ತಾನೋ ಅವನ ತಲೆಯೇ ಹೋಳಾಗಲಿ ಎಂದು ಜಯದ್ರಥನ ಅಪ್ಪ ಮೊದಲೇ ಒಂದು ಷರತ್ತು ಹಾಕಿಟ್ಟಿದ್ದಾನೆ. ಕೊನೆಗೆ ಸೂರ್ಯನನ್ನು ಮರೆಮಾಡಿ, ಹೊತ್ತು ಮುಳುಗಿತೆಂದು ಭ್ರಮೆ ಹುಟ್ಟಿಸಿದವನು ಕೃಷ್ಣ. ಪರದೆಯ ಹಿಂದೆ ದಾಳ ತಿರುಗಿಸಿಟ್ಟ ಮೊದಲ ಡಂಜನ್ ಮಾಸ್ಟರ್ ಅವನೇ ಎಂದು ನನ್ನ ನಂಬಿಕೆ. ಅತ್ತೆಯವರಿಗೆ ಇದನ್ನು ಹೇಳಿಲ್ಲ.

ಉದ್ಯೋಗವಿದ್ದವನಿಗೆ ಜೀವದ ಆಸೆಯೂ ಇರುತ್ತದೆ. ಹಳಬರು ಇದನ್ನು ಬಲ್ಲವರು. 1981ರ ಬೇಸಿಕ್ ಪುಸ್ತಕದಲ್ಲಿ ಪ್ರತಿ ಜೀವಿಗೂ ಧೈರ್ಯದ ಒಂದು ಅಂಕಿಯಿತ್ತು. ಜೊತೆಗಾರ ಸತ್ತಾಗ ಎರಡು ಮಾಮೂಲಿ ದಾಳ ಎಸೆಯುವುದು, ಮೊತ್ತ ಆ ಅಂಕಿಯನ್ನು ಮೀರಿದರೆ ಓಟ. ಗಾಬ್ಲಿನ್‌ಗೆ 7, ಅವುಗಳ ರಾಜ ಜೊತೆಗಿದ್ದರೆ 9. ಆ 7ಕ್ಕೂ 9ಕ್ಕೂ ನಡುವೆ ಒಂದು ಇಡೀ ರಾಜ್ಯಶಾಸ್ತ್ರವಿದೆ. ಈಗಿನ ಪುಸ್ತಕಗಳಲ್ಲಿ ಈ ನಿಯಮ ಮೂಲೆಗೆ ಬಿದ್ದಿದೆ. ಎಲ್ಲ ಜೀವಿಗಳೂ ಕೊನೆಯ ಹಿಟ್ ಪಾಯಿಂಟಿನವರೆಗೆ ಹೋರಾಡುತ್ತವೆ, ಹುತಾತ್ಮರಾಗಲು ಅರ್ಜಿ ಹಾಕಿ ಬಂದವರ ಹಾಗೆ. ನಾನು ಓಡಿಸುತ್ತೇನೆ. ಓಡಿಹೋದ ಗಾಬ್ಲಿನ್ ಮುಂದಿನ ತಿಂಗಳು ಬೇರೆ ಊರಿನಲ್ಲಿ ಸಿಕ್ಕಿ, "ಅವತ್ತು ನನ್ನ ಚಪ್ಪಲಿ ಅಲ್ಲೇ ಬಿಟ್ಟುಹೋಗಿತ್ತು" ಎಂದಾಗ ಮೇಜಿನಲ್ಲಿ ಬರುವ ನಗುವಿಗೆ ಅಂಕ ಕೊಡುವ ಪಟ್ಟಿ ಯಾವ ಪುಸ್ತಕದಲ್ಲೂ ಇಲ್ಲ.

ಈ ಎಲ್ಲ ಕಲೆಗಾರಿಕೆಯನ್ನು ಬೂದಿ ಮಾಡುವ ಶಕ್ತಿ ಲೋಕದಲ್ಲಿ ಒಂದೇ, ನಮ್ಮ ಡಾಕ್ಟರಮ್ಮನ ಫೈರ್‌ಬಾಲ್. ಐದನೆಯ ಮಟ್ಟಕ್ಕೆ ಏರಿದ ಮಂತ್ರವಾದಿಗೆ ಸಿಗುವ ವರ ಅದು. 20 ಅಡಿ ಸುತ್ತಳತೆಯಲ್ಲ, 20 ಅಡಿ ತ್ರಿಜ್ಯ, ದಯವಿಟ್ಟು ಗಮನಿಸಿ. ಎಂಟು ಮಾಮೂಲಿ ದಾಳದ ಹಾನಿ, ಸರಾಸರಿ 28. 2014ರ ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್. ಹಾರಿ ತಪ್ಪಿಸಿಕೊಂಡದ್ದಕ್ಕೂ ಅರ್ಧ ಪಾಲು. ರೋಗಿಗೆ ನೋವಾಗದಂತೆ ಹಲ್ಲು ಕೀಳುವ ಆ ತಾಯಿ, ಕೋಣೆಯಲ್ಲಿ ಮೂರು ಜನ ಒಟ್ಟಿಗೆ ನಿಂತದ್ದು ಕಂಡರೆ ಬೆರಳು ಮಡಚಲು ಶುರುಮಾಡುತ್ತಾರೆ. ಬೆಂಕಿ ತಗಲದ ರಾಕ್ಷಸರನ್ನೇ ಸಾಲಾಗಿ ತಂದು ನಿಲ್ಲಿಸುವ ಡಂಜನ್ ಮಾಸ್ಟರ್‌ಗಳಿದ್ದಾರೆ. ಅದು ಜಿಪುಣತನ. ಅವರಿಗೆ ಬಂದ ವರ ಅವರು ಬಳಸಲಿ. ಎಲ್ಲಿ ಬಳಸಬೇಕೆಂಬ ಚಿಂತೆ ಮಾತ್ರ ನಾನು ಕೊಡುತ್ತೇನೆ. ಆ ಮಂತ್ರ ಸುತ್ತಲಿನ ಸುಡುವ ಸಾಮಾನಿಗೆಲ್ಲ ಬೆಂಕಿ ಹಚ್ಚುತ್ತದೆ. ಆದ್ದರಿಂದ ನನ್ನ ಗಾಬ್ಲಿನ್‌ಗಳು ಈಗ ಹುಲ್ಲಿನ ಬಣವೆಯ ಪಕ್ಕ, ಊರಿನ ಕಣಜದೊಳಗೆ, ಸಾಲಪತ್ರಗಳ ಕೋಣೆಯಲ್ಲಿ ವಾಸಮಾಡುತ್ತವೆ. ಸಾಲಪತ್ರದ ಕೋಣೆಗೆ ಬಂದಾಗ ಡಾಕ್ಟರಮ್ಮ ಬೆರಳು ಮಡಚಿದರು, ಬ್ಯಾಂಕಿನವರು ಅಕ್ಷರಶಃ ಅವರ ಕೈ ಹಿಡಿದುಕೊಂಡರು. ಪಾತ್ರ ಮಾತಾಡುತ್ತಿತ್ತೋ ನೌಕರಿಯೋ ತಿಳಿಯಲಿಲ್ಲ.

ಮೊನ್ನೆ ಒಂದು ಸೇತುವೆ ಕಟ್ಟಿದೆ. ಕಾಗದದ ಮೇಲೆ. ಕೆಳಗೆ ಪ್ರವಾಹ, ಮೇಲೆ ಕೊಳೆತ ಹಲಗೆ, ಆಚೆ ತುದಿಯಲ್ಲಿ ಸುಂಕ ವಸೂಲಿಗೆ ಕೂತ ಗಾಬ್ಲಿನ್ ಸಂಸಾರ, ಕಂಬಕ್ಕೆ ಕಟ್ಟಿದ ಓಗರ್ ಭಾವ, ಹಗ್ಗ ಕಡಿಯಲು ಸಿದ್ಧವಾಗಿ ನಿಂತ ಅಜ್ಜಿ. ಪ್ರತಿಯೊಬ್ಬರಿಗೂ ಉದ್ಯೋಗ, ಅಜ್ಜಿಗೆ ಮಂಡಿನೋವು ಸಹ. ಕಳ್ಳರು ಮುಂದೆ ಬಂದು ಸುಂಕ ಎಷ್ಟೆಂದು ಕೇಳಿದರು. ತಲೆಗೆ ಎರಡು ಬೆಳ್ಳಿ ಎಂದೆ. ಕೊಟ್ಟರು. ರಸೀದಿ ಕೇಳಿ ಪಡೆದು, ಅಜ್ಜಿಯ ಮಂಡಿಗೆ ಮೇಡಂ ಕೈಯಿಂದ ಒಂದು ಮಂತ್ರ ಹಾಕಿಸಿ, ಸೇತುವೆ ದಾಟಿ ಹೋಗಿಬಿಟ್ಟರು. ನಾನೇ ಹೇಳಿದ ದರ, ತಕರಾರು ತೆಗೆಯುವಂತಿರಲಿಲ್ಲ.

ಆ ಸೇತುವೆಯನ್ನು ಅಳಿಸಿ ಈಗ ದೋಣಿಗಟ್ಟೆ ಮಾಡಿದ್ದೇನೆ. ಓಗರ್ ಭಾವನಿಗೆ ಹುಟ್ಟು ಕೊಟ್ಟಾಯಿತು. ದರ ತಲೆಗೆ ನಲವತ್ತು ಚಿನ್ನ, ರಸೀದಿ ಕೊಡುವುದಿಲ್ಲ.